ಟ್ಯಾಂಕರ್ ನೀರಿನ ಮನೆಗೆ ಯಾವ ಫಿಲ್ಟರ್? ಸ್ಪಾಂಜೋ, ಹ್ಯಾಂಗ್-ಆನೋ?

ಪುಣೆಯ ವಾಘೋಲಿ ಕಡೆ ಮನೆ, ಸೊಸೈಟಿಗೆ ಬರುವುದು ಗಡಸಾದ ಟ್ಯಾಂಕರ್ ನೀರು ಅಂತಾದರೆ ಮೀನಿನ ತೊಟ್ಟಿಗೆ ಸ್ಪಾಂಜ್ ಫಿಲ್ಟರ್ ತಗೊಳ್ಳಿ. ನಮ್ಮ ಮನೆಯಲ್ಲಿ 250 ರೂಪಾಯಿಯ ಸ್ಪಾಂಜು 1,600 ರೂಪಾಯಿಯ ಹ್ಯಾಂಗ್-ಆನ್ ಫಿಲ್ಟರಿಗಿಂತ ನೆಮ್ಮದಿ ಕೊಟ್ಟಿದೆ. ಎರಡನ್ನೂ ಒಂದೇ ತೊಟ್ಟಿಯಲ್ಲಿ ಓಡಿಸಿ ನೋಡಿದ್ದೇನೆ. 2 ಅಡಿ ಉದ್ದ, ಅಗಲ-ಎತ್ತರ ಒಂದೊಂದು ಅಡಿ. ಒಳಗೆ ಗಪ್ಪಿ, ಮೋಲಿ. ಗಡಸು ನೀರಿಗೆ ಚೆನ್ನಾಗಿ ಹೊಂದುವ ಮೀನುಗಳಿವು.

ಹ್ಯಾಂಗ್-ಆನ್ ಅಂದರೆ ಗಾಜಿನ ಅಂಚಿಗೆ ಸಿಕ್ಕಿಸುವ ಡಬ್ಬಿ. ನೋಡಲು ಚಂದ, ತೊಟ್ಟಿಯೊಳಗೆ ಜಾಗ ತಿನ್ನುವುದಿಲ್ಲ, ನೀರು ಬೇಗ ತಿಳಿಯಾಗುತ್ತದೆ. ತಿಳಿಯ ವಿಷಯದಲ್ಲಿ ಅದೇ ಮುಂದು.

ತೊಂದರೆ ಇರುವುದು ಕರೆಂಟು ಹೋಗಿ ಬಂದಾಗ. ನಮ್ಮ ಕಡೆ ಗುರುವಾರ ರಿಪೇರಿ ಅಂತ ಹಗಲು ಹೊತ್ತು ಕರೆಂಟು ತೆಗೆಯುವುದುಂಟು. ಬಂದ ಮೇಲೆ ಫ್ಯಾನ್, ಫ್ರಿಜ್ ಎಲ್ಲ ಶುರುವಾಗುತ್ತವೆ. ಫಿಲ್ಟರ್ ಮಾತ್ರ ಸುಮ್ನೆ ಗುಂಯ್ ಅನ್ನುತ್ತದೆ, ನೀರು ಬೀಳುವುದಿಲ್ಲ. ಅಂಗಡಿಯವರು ‘ಮೋಟಾರ್ ಹೋಗಿದೆ, ಹೊಸದು ತಗೊಳ್ಳಿ’ ಅಂದರು. ಮೋಟಾರ್ ಹೋಗಿರಲಿಲ್ಲ. ಬಿಚ್ಚಿದರೆ ಒಳಗೆ ಕಿರುಬೆರಳಿನ ತುದಿಯಷ್ಟು ಇಂಪೆಲ್ಲರ್ (ತಿರುಗಿ ನೀರು ತಳ್ಳುವ ಚಕ್ರ), ಅದರ ನಡುವೆ ಸೂಜಿಯಂಥ ಕಡ್ಡಿ. ಕಡ್ಡಿಯ ಸುತ್ತ ಬಿಳಿ ಪೊರೆ. ಬಚ್ಚಲಿನ ನಲ್ಲಿಯ ಮೇಲೆ, ಗೀಸರ್ ಕಾಯಿಲ್ ಮೇಲೆ ಕೂರುತ್ತದಲ್ಲ, ಅದೇ ಸುಣ್ಣ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ. ತಿರುಗುತ್ತಾ ಇರುವ ತನಕ ಹೇಗೋ ನಡೆಯುತ್ತದೆ. ಒಮ್ಮೆ ನಿಂತಿತೋ, ಪೊರೆ ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಂಡು ಮತ್ತೆ ತಿರುಗುವ ಶಕ್ತಿ ಆ ಪುಟ್ಟ ಮೋಟಾರಿಗಿಲ್ಲ.

ಇದಕ್ಕೆ ದಾರಿ ಇದೆ. ಪ್ಲಗ್ ತೆಗೆದು, ಇಂಪೆಲ್ಲರನ್ನು ಬಿಳಿ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಅದು ಕೂರುವ ಗುಳಿಯನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ, ಚೆನ್ನಾಗಿ ತೊಳೆದು ಹಾಕಿದರೆ ತಿರುಗುತ್ತದೆ. ಆದರೆ ಸ್ವಲ್ಪ ದಿನಕ್ಕೆ ಮತ್ತೆ ಪೊರೆ, ಮತ್ತೆ ಅದೇ ಕೆಲಸ.

ಬೇಸಿಗೆಯಲ್ಲಿ ಇನ್ನೊಂದು ಕಾಟ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಆರಿ ಮಟ್ಟ ಇಳಿಯುತ್ತದೆ. ಆಗ ಕರೆಂಟು ಹೋಗಿ ಬಂದರೆ ಕೊಳವೆಯಲ್ಲಿ ಗಾಳಿ ಸೇರಿ, ಇಂಪೆಲ್ಲರ್ ನೀರಿಲ್ಲದೆ ಗರಗರ ಅನ್ನುತ್ತದೆ. ಡಬ್ಬಿಗೆ ಒಂದು ಚೊಂಬು ನೀರು ಹುಯ್ಯಬೇಕು. ನಾವು ಹಬ್ಬಕ್ಕೆ ವಿಜಯಪುರಕ್ಕೆ ಹೋದಾಗ ಹುಯ್ಯುವವರು ಯಾರು? ಅಂದಹಾಗೆ, ಫಿಲ್ಟರ್ ಯಾವುದೇ ಇರಲಿ, ಆರಿದಷ್ಟನ್ನು ಆರ್‌ಓ ನೀರಿನಿಂದ ತುಂಬಿಸಿ. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಮೇಲೆ ಟ್ಯಾಂಕರ್ ನೀರೇ ಸುರಿಯುತ್ತಾ ಹೋದರೆ ಗಡಸುತನ ಏರುತ್ತಲೇ ಇರುತ್ತದೆ.

ಹ್ಯಾಂಗ್-ಆನ್ ಡಬ್ಬಿಯೊಳಗೆ ಕಸ ಹಿಡಿಯುವ ಪ್ಯಾಡಿನ, ಅಂದರೆ ಕಾರ್ಟ್ರಿಜ್ಜಿನ ವಿಷಯ ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ತಿಂಗಳಿಗೊಮ್ಮೆ ಹೊಸದು ಹಾಕಿ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಮೀನಿನ ಕಸದಿಂದ ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ಬ್ಯಾಕ್ಟೀರಿಯಾ ಹೆಚ್ಚಾಗಿ ಮನೆ ಮಾಡಿರುವುದೇ ಆ ಕಾರ್ಟ್ರಿಜ್ಜಿನಲ್ಲಿ. ಅದನ್ನೇ ಎಸೆದರೆ ಮೀನಿನ ಗತಿ ಏನು? ಹ್ಯಾಂಗ್-ಆನ್ ಇರುವವರು ಅದರ ಜಾಗದಲ್ಲಿ ಒಂದು ತುಂಡು ಸ್ಪಾಂಜು ಕತ್ತರಿಸಿ ಇಡಿ. ಖರ್ಚೂ ಉಳಿಯುತ್ತದೆ.

ಇನ್ನು ಸ್ಪಾಂಜ್ ಫಿಲ್ಟರ್. ಏರ್ ಪಂಪಿನಿಂದ ಗಾಳಿ ಕೊಳವೆಯೊಳಗೆ ಗುಳ್ಳೆಯಾಗಿ ಮೇಲೇರುತ್ತದೆ, ಜೊತೆಗೆ ನೀರನ್ನೂ ಎಳೆಯುತ್ತದೆ, ಆ ನೀರು ಸ್ಪಾಂಜಿನ ಮೂಲಕವೇ ಬರಬೇಕು. ನೀರೊಳಗೆ ತಿರುಗುವ ಭಾಗ ಒಂದೂ ಇಲ್ಲ. ಸುಣ್ಣ ಕಚ್ಚಿಕೊಳ್ಳಲು ಏನೂ ಇಲ್ಲ. ಕರೆಂಟು ಬಂದ ಕೂಡಲೇ ತಾನಾಗಿ ಶುರು. ಗಪ್ಪಿ ಮರಿಗಳೂ ಒಳಗೆ ಎಳೆದುಹೋಗುವುದಿಲ್ಲ. ಬ್ಯಾಟರಿ ಇರುವ ಏರ್ ಪಂಪ್ ತಗೊಂಡರೆ ಕರೆಂಟು ಹೋದಾಗಲೂ ಗುಳ್ಳೆ ನಿಲ್ಲುವುದಿಲ್ಲ.

ತೊಳೆಯುವುದು ಸುಲಭ. ತೊಟ್ಟಿಯಿಂದಲೇ ಅರ್ಧ ಬಕೆಟ್ ನೀರು ತೆಗೆಯಿರಿ. ಸ್ಪಾಂಜನ್ನು ಎತ್ತುವ ಮುಂಚೆ ಕೆಳಗಿನಿಂದ ಪ್ಲಾಸ್ಟಿಕ್ ಚೀಲ ಹಾಕಿ, ಇಲ್ಲದಿದ್ದರೆ ಹಿಡಿದ ಕೊಳೆಯೆಲ್ಲ ತೊಟ್ಟಿಗೇ ಬೀಳುತ್ತದೆ. ಬಕೆಟಿನಲ್ಲಿ ನಾಲ್ಕಾರು ಸಲ ಹಿಂಡಿ, ಕಾಫಿ ಬಣ್ಣದ ನೀರು ಬರುತ್ತದೆ. ನೀರು ಪೂರ್ತಿ ತಿಳಿಯಾಗುವ ತನಕ ಹಿಂಡಬೇಡಿ. ನಲ್ಲಿಯ ಕೆಳಗಂತೂ ಹಿಡಿಯಲೇಬೇಡಿ, ನೀರಿನಲ್ಲಿ ಕ್ಲೋರಿನ್ ಇದ್ದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಹಿಂಡಿದ ನೀರು ನಮ್ಮ ಬಾಲ್ಕನಿಯ ತುಳಸಿಗೆ, ಕರಿಬೇವಿಗೆ ಹೋಗುತ್ತದೆ. ಒಳ್ಳೇ ಗೊಬ್ಬರ ಅದು. ಎರಡು ಸ್ಪಾಂಜಿನ ಜೋಡಿ ಫಿಲ್ಟರ್ ಸಿಕ್ಕರೆ ಅದನ್ನೇ ಆರಿಸಿ, ಒಂದು ಸಲ ಒಂದನ್ನು ಮಾತ್ರ ತೊಳೆಯಬಹುದು.

ಕುಂದುಗಳೂ ಇವೆ. ತೊಟ್ಟಿಯೊಳಗೆ ಕಪ್ಪಗೆ ಎದ್ದು ಕಾಣುತ್ತದೆ. ಪಂಪ್ ಗುಂಯ್‌ಗುಡುತ್ತದೆ, ಕೆಳಗೆ ಮಡಚಿದ ಬಟ್ಟೆ ಇಟ್ಟರೆ ಕಡಿಮೆಯಾಗುತ್ತದೆ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕೊಳವೆಗೆ ನಾನ್-ರಿಟರ್ನ್ ವಾಲ್ವ್ ಹಾಕಲೇಬೇಕು. ಇಲ್ಲದಿದ್ದರೆ ಕರೆಂಟು ಹೋದಾಗ ನೀರು ಹಿಂದಕ್ಕೆ ಹರಿದು ಪಂಪಿಗೆ, ನೆಲಕ್ಕೆ ಬರುತ್ತದೆ.

ತೊಟ್ಟಿಯ ಹೊರಗೆ ಇಡುವ ದೊಡ್ಡ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ನನ್ನ ಬಜೆಟ್ಟಿನದಲ್ಲ, ಈ ಅಳತೆಯ ತೊಟ್ಟಿಗೆ ಬೇಕಾಗಿಯೂ ಇಲ್ಲ.

ನಮ್ಮ ಹ್ಯಾಂಗ್-ಆನ್ ಈಗ ಕೋಥ್ರೂಡಿನಲ್ಲಿರುವ ಸಹೋದ್ಯೋಗಿಯ ಮನೆಯಲ್ಲಿದೆ. ಅವರಿಗೆ ಕಾರ್ಪೊರೇಷನ್ ನೀರು, ಮನೆಯಲ್ಲಿ ಇನ್ವರ್ಟರ್ ಬೇರೆ ಇದೆ. ಅಲ್ಲಿ ಅದೇ ಇಂಪೆಲ್ಲರ್ ಒಂದು ತಕರಾರಿಲ್ಲದೆ ತಿರುಗುತ್ತಿದೆ.