ಟೆಕ್ಸ್-ಮೆಕ್ಸ್ ಎಂಚಿಲಾಡ, ಮೆಕ್ಸಿಕನ್ ಎಂಚಿಲಾಡ: ನನ್ನ ಓಟು ಯಾವುದಕ್ಕೆ?

ಎಂಚಿಲಾಡ, ಅಂದರೆ ಟೋರ್ಟಿಯಾ ಅನ್ನುವ ತೆಳು ರೊಟ್ಟಿಯಲ್ಲಿ ಹೂರಣ ಸುತ್ತಿ ಮೆಣಸಿನಕಾಯಿ ಸಾಸ್ ಹಾಕಿದ ತಿನಿಸು, ತಿನ್ನುವುದಾದರೆ ನಾನು ಮೆಕ್ಸಿಕನ್ ಹೋಟೆಲ್ಲಿಗೇ ಹೋಗುತ್ತೇನೆ. ಟೆಕ್ಸಸ್‌ನಲ್ಲಿ ಇದ್ದುಕೊಂಡು ಹೀಗಂದರೆ ಕೆಲವರು ಮುಖ ಸಿಂಡರಿಸುತ್ತಾರೆ, ಇರಲಿ. ಟೆಕ್ಸ್-ಮೆಕ್ಸ್ ನಕಲಿ ಅಡುಗೆ ಅಂತ ಹೇಳುತ್ತಿಲ್ಲ. ಟೆಕ್ಸಸ್‌ನಲ್ಲೇ ತಲೆಮಾರುಗಳಿಂದ ಇರುವ ಮೆಕ್ಸಿಕನ್ ಮೂಲದವರು ಬೆಳೆಸಿದ ರುಚಿ ಅದು. ಸ್ಯಾನ್ ಆಂಟೋನಿಯೊದ ಚೌಕಗಳಲ್ಲಿ ಹೆಂಗಸರು 19ನೇ ಶತಮಾನದಲ್ಲೇ ಚಿಲಿ ಕಾನ್ ಕಾರ್ನೆ (ಮೆಣಸಿನಕಾಯಿ ಹಾಕಿ ಬೇಯಿಸಿದ ಮಾಂಸದ ಗೊಜ್ಜು) ಮಾರುತ್ತಿದ್ದರು.

ನನ್ನ ತಕರಾರು ಟೆಕ್ಸ್-ಮೆಕ್ಸ್ ಎಂಚಿಲಾಡಕ್ಕೆ ಹಾಕುವ ಹಳದಿ ಚೀಸ್ ಮೇಲೆ. ಹೋದ ತಿಂಗಳು ನೆಂಟರು ಬಂದಾಗ ಒಂದು ಟೆಕ್ಸ್-ಮೆಕ್ಸ್ ಹೋಟೆಲ್ಲಿಂದ ಚೀಸ್ ಎಂಚಿಲಾಡ ಪಾರ್ಸೆಲ್ ತಂದೆ. ಅಲ್ಲೇ ಕೂತು ತಿಂದರೆ ತಟ್ಟೆಯಲ್ಲಿ ಗುಳುಗುಳು ಕುದಿಯುತ್ತಾ ಬರುತ್ತದೆ, ಚೆನ್ನಾಗಿಯೇ ಇರುತ್ತದೆ. ಮನೆ ಸೇರುವಷ್ಟರಲ್ಲಿ ಚೀಸ್ ಗಟ್ಟಿಯಾಗಿ, ಫೋರ್ಕ್ ಚುಚ್ಚಿದರೆ ಇಡೀ ಪದರವೇ ಎದ್ದು ಬಂತು.

ಮೈಕ್ರೋವೇವ್‌ನಲ್ಲಿ ಇಟ್ಟೆ. ಎಣ್ಣೆ ಬೇರೆ, ಚೀಸ್ ಬೇರೆ! ಅಡಿಯಲ್ಲಿದ್ದ ಟೋರ್ಟಿಯಾ ಗ್ರೇವಿ ಕುಡಿದು ಪಿಚಪಿಚ ಅನ್ನುತ್ತಿತ್ತು. ಆ ಗ್ರೇವಿಗೆ ಮೈದಾ ಹಾಕಿ ಗಟ್ಟಿ ಮಾಡಿರುತ್ತಾರೆ, ಜೀರಿಗೆ ಧಾರಾಳ. ಎಷ್ಟೋ ಕಡೆ ದನದ ಮಾಂಸವೂ ಇರುತ್ತದೆ. ಸಸ್ಯಾಹಾರಿಗಳು ಕೇಳಿಕೊಂಡೇ ತಗೊಳ್ಳಿ.

ಮೆಕ್ಸಿಕನ್ ಎಂಚಿಲಾಡದಲ್ಲಿ ಈ ರಗಳೆ ಕಡಿಮೆ. ಒಣಮೆಣಸಿನಕಾಯಿ ಹುರಿದು, ನೆನೆಸಿ, ರುಬ್ಬಿದ ಸಾಸ್‌ನಲ್ಲಿ ಟೋರ್ಟಿಯಾ ಅದ್ದಿ, ಎಣ್ಣೆಯಲ್ಲಿ ಹೊರಳಿಸಿ ಸುತ್ತುತ್ತಾರೆ. ಮೇಲೆ ಈರುಳ್ಳಿ, ಪುಡಿ ಮಾಡಿದ ಕೇಸೊ ಫ್ರೆಸ್ಕೊ. ಇದು ಬಿಳಿ ಚೀಸ್, ನಮ್ಮ ಪನೀರಿನ ಹಾಗೆ ಬಿಸಿಗೂ ಕರಗಿ ಹರಿಯುವುದಿಲ್ಲ. ಆರಿದ ಮೇಲೂ ತಿನ್ನಬಹುದು. ಜೀರಿಗೆ ಇದ್ದರೂ ಅಷ್ಟಕ್ಕಷ್ಟೇ, ಹಾಗಾಗಿ ಮೆಣಸಿನಕಾಯಿಯ ರುಚಿ ಸರಿಯಾಗಿ ಸಿಗುತ್ತದೆ.

ಇನ್ನು ಟೋರ್ಟಿಯಾ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲಾ ನೆನೆಸಿ, ಸಿಪ್ಪೆ ತೊಳೆದು ರುಬ್ಬುತ್ತಾರೆ. ಆಗತಾನೇ ಹೆಂಚಿಂದ ಇಳಿದ ಇದರ ಘಮ ಮೈದಾ ಟೋರ್ಟಿಯಾಗೆ ಎಲ್ಲಿಂದ ಬರಬೇಕು? ಹಾಗಂತ ಮೈದಾ ಟೋರ್ಟಿಯಾ ಟೆಕ್ಸಸ್‌ನವರದ್ದು ಮಾತ್ರ ಅಲ್ಲ. ಉತ್ತರ ಮೆಕ್ಸಿಕೊದಲ್ಲಿ, ಸೊನೋರಾ ಕಡೆ, ಅದೇ ರೂಢಿ.

ಬೀನ್ಸ್: ಎರಡೂ ಕಡೆ ಹಂದಿಕೊಬ್ಬು ಹಾಕುವುದುಂಟು, ಮರೆಯದೆ ವಿಚಾರಿಸಿ.

ಫಹೀತಾ (ಸುಟ್ಟ ಮಾಂಸದ ಪಟ್ಟಿಗಳು, ಜೊತೆಗೆ ಟೋರ್ಟಿಯಾ): ಇಲ್ಲಿ ಟೆಕ್ಸ್-ಮೆಕ್ಸೇ ಗೆದ್ದಿತು. ಅದು ಹುಟ್ಟಿದ್ದೇ ದಕ್ಷಿಣ ಟೆಕ್ಸಸ್‌ನ ದನದ ರಾಂಚ್‌ಗಳಲ್ಲಿ, ಕೆಲಸದವರ ಪಾಲಿಗೆ ಬರುತ್ತಿದ್ದ ಅಗ್ಗದ ಮಾಂಸದಿಂದ.

ನಮ್ಮ ಮನೆಯಲ್ಲಿ ವಾರದ ದಿನಗಳಿಗೆ ಟೋರ್ಟಿಯಾಗೆ ಬೇಕಾದ ಮಾಸಾ ಅನ್ನುವ ಮೆಕ್ಕೆಜೋಳದ ಹಿಟ್ಟಿನ ಚೀಲ, ಒಂದು ಡಬ್ಬಿ ಕಪ್ಪು ಬೀನ್ಸ್ ಸಾಕು, ಖರ್ಚೂ ಕಡಿಮೆ. ಮಕ್ಕಳ ಗೆಳೆಯರ ಸೈನ್ಯ ಹೊರಟರೆ ಮಾತ್ರ ಟೆಕ್ಸ್-ಮೆಕ್ಸ್. ಚಿಪ್ಸ್, ಸಾಲ್ಸಾ ಸಾಮಾನ್ಯವಾಗಿ ಬಿಟ್ಟಿ, ಕೇಳಿದಷ್ಟು ಸಲ ತಂದಿಡುತ್ತಾರೆ, ಅರ್ಧ ಹೊಟ್ಟೆ ಅದರಲ್ಲೇ ತುಂಬುತ್ತದೆ. ಪಾರ್ಸೆಲ್ ಮಾತ್ರ ಇನ್ನು ತರುವುದಿಲ್ಲ.