ಸೆನ್ಸರ್ ಬದಲಿಸುವ ಮೊದಲು ವಯರ್ ನೋಡುವವರು: ಹುಬ್ಬಳ್ಳಿ ಬೈಪಾಸ್ ಬಳಿಯ ಲಾರಿ ಎಲೆಕ್ಟ್ರಿಕಲ್ ವರ್ಕ್‌ಶಾಪ್

ಚೆಕ್ ಲೈಟ್ ಹೊತ್ತಿ, ಸ್ಕ್ಯಾನರ್ ಒಂದು ಸೆನ್ಸರ್‌ನ ಹೆಸರು ತೋರಿಸಿ, ಆ ಸೆನ್ಸರ್ ಹೊಸದು ಹಾಕಿಸಿದ ಮೇಲೂ ಲಾರಿ ಮತ್ತೆ ಅದೇ ಘಾಟಿಯಲ್ಲಿ ಎಳೆಯದೆ ನಿಂತರೆ ಯಾರ ಬಳಿ ಹೋಗಬೇಕೆಂದು ಕೇಳುವ ಲಾರಿ ಮಾಲೀಕರಿಗೆ ನಾನು ಈಗ ಹುಬ್ಬಳ್ಳಿ–ಧಾರವಾಡ ಬೈಪಾಸ್‌ಗೆ ಹತ್ತಿರವಿರುವ ಈ ವರ್ಕ್‌ಶಾಪ್‌ನ ದಾರಿ ತೋರಿಸುತ್ತೇನೆ. ಇಲ್ಲಿ ದೋಷ ಹುಡುಕುವುದನ್ನೇ ಒಂದು ಕೆಲಸವೆಂದು ಪರಿಗಣಿಸಿ ಅದಕ್ಕೆ ಬೇರೆಯಾಗಿ ಹಣ ಪಡೆಯುತ್ತಾರೆ. ಬಿಡಿಭಾಗ ಮಾರಿ ಲಾಭ ಮಾಡುವುದು ಇವರ ಪದ್ಧತಿಯಲ್ಲ. ನಮ್ಮ ಗಾಡಿಯ ವಿಷಯದಲ್ಲಿ ಆ ಒಂದು ವ್ಯತ್ಯಾಸವೇ ಎಲ್ಲವನ್ನೂ ತೀರ್ಮಾನಿಸಿತು.

ನಮ್ಮದು 2013ರ ಮಾಡೆಲ್‌ನ, ಹೊಗೆ ನಿಯಮದ ಬಿಎಸ್-3 ದರ್ಜೆಯ, ಕಾಮನ್ ರೈಲ್ (ಎಲ್ಲ ಸಿಲಿಂಡರ್‌ಗಳಿಗೂ ‘ರೈಲ್’ ಎಂಬ ಒಂದೇ ಪೈಪಿನಿಂದ ಹೆಚ್ಚು ಒತ್ತಡದ ಡೀಸೆಲ್ ಹೋಗುವ) ಎಂಜಿನ್‌ನ ಹತ್ತು ಚಕ್ರದ ಲಾರಿ. ಮಂಗಳೂರು ಬಂದರಿನಿಂದ ಲೋಡ್ ಹಾಕಿಕೊಂಡು ಕರಾವಳಿ ಹೆದ್ದಾರಿಯಲ್ಲಿ ಅಂಕೋಲಾದವರೆಗೆ ಬಂದು, ಅಲ್ಲಿಂದ ಯಲ್ಲಾಪುರದ ಕಡೆಗೆ ಅರಬೈಲ್ ಘಾಟಿ ಹತ್ತುವಾಗ ಇದ್ದಕ್ಕಿದ್ದಂತೆ ಪಿಕಪ್ ಹೋಗಿ, ದೀಪ ಹೊತ್ತಿಕೊಂಡು, ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ನಡಿಗೆಯ ವೇಗಕ್ಕಿಂತ ಮೇಲೇರುತ್ತಿರಲಿಲ್ಲ. ಬದಿಗೆ ನಿಲ್ಲಿಸಿ, ಕೀ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಬೆಂಗಳೂರು ರಸ್ತೆಯಲ್ಲಿ ಲೋಡ್ ಇದ್ದರೂ ತೊಂದರೆಯಿಲ್ಲ, ಖಾಲಿ ಗಾಡಿಯಾದರೆ ಘಾಟಿಯಲ್ಲೂ ತೊಂದರೆಯಿಲ್ಲ, ಗ್ಯಾರೇಜ್‌ನಲ್ಲಿ ನಿಲ್ಲಿಸಿ ಎಷ್ಟು ರೇಸ್ ಕೊಟ್ಟರೂ ತೊಂದರೆಯಿಲ್ಲ. ಬೇರೆ ಗ್ಯಾರೇಜ್‌ಗಳಲ್ಲಿ ಡೀಸೆಲ್ ಫಿಲ್ಟರ್ ಬದಲಾಯಿತು, ರೈಲ್ ಪ್ರೆಶರ್ ಸೆನ್ಸರ್ ಬದಲಾಯಿತು, ಟರ್ಬೊ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಸೆನ್ಸರ್ ಬದಲಾಯಿತು. ಕಡೆಗೆ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುವನ್ನೇ ಬದಲಿಸಬೇಕೆಂಬ ಮಾತು ಬಂದಾಗ, ಅದಕ್ಕೆ ಒಪ್ಪದೆ ಗಾಡಿಯನ್ನು ಇಲ್ಲಿಗೆ ತಂದೆವು.

ಹಿರಿಯ ಎಲೆಕ್ಟ್ರಿಷಿಯನ್ ಮೊದಲು ಕೇಳಿದ್ದು ಚಾಲಕನನ್ನು, ನನ್ನನ್ನಲ್ಲ. ಯಾವ ಗೇರ್‌ನಲ್ಲಿದ್ದಾಗ, ತಿರುವಿನಲ್ಲೋ ನೇರ ಏರಿನಲ್ಲೋ, ಗೇರ್ ಬದಲಿಸಿದ ತಕ್ಷಣವೋ ಅಥವಾ ಬಹಳ ಹೊತ್ತು ಎಳೆದ ಮೇಲೋ ಎಂದು ಒಂದೊಂದನ್ನೇ ಕೇಳಿ ತಿಳಿದುಕೊಂಡರು. ಎರಡನೇ ಗೇರ್‌ನಲ್ಲಿ ಕ್ಲಚ್ ಬಿಟ್ಟು ಜೋರಾಗಿ ಎಳೆಯುವಾಗಲೇ ಹೆಚ್ಚಾಗಿ ಆಗುತ್ತದೆ ಎಂಬ ಚಾಲಕನ ಮಾತು ಅಲ್ಲಿಯವರೆಗೆ ಯಾರ ಕಿವಿಗೂ ಬಿದ್ದಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ. ಆಮೇಲೆಯೇ ಸ್ಕ್ಯಾನರ್ ಜೋಡಿಸಿ ಕೋಡ್ ಓದಿದರು. ಬಂದದ್ದು ಎರಡು: ಎಸ್‌ಪಿಎನ್ 157 ಮತ್ತು ಎಸ್‌ಪಿಎನ್ 102. ಭಾರಿ ವಾಹನಗಳ ಜೆ1939 ಪದ್ಧತಿಯಲ್ಲಿ ಮೊದಲನೆಯದು ಇಂಧನದ ರೈಲ್ ಒತ್ತಡ, ಎರಡನೆಯದು ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ. ಎರಡರ ಜೊತೆಗೂ ದೋಷದ ಬಗೆಯನ್ನು ಹೇಳುವ ಎಫ್‌ಎಂಐ 4 ಎಂದಿತ್ತು, ಅಂದರೆ ವೋಲ್ಟೇಜ್ ಇರಬೇಕಾದುದಕ್ಕಿಂತ ಕೆಳಗೆ ಬಿದ್ದಿದೆ ಅಥವಾ ವಯರ್ ಅರ್ತ್‌ಗೆ ಶಾರ್ಟ್ ಆಗಿದೆ ಎಂದರ್ಥ.

ಹಿಂದಿನ ಗ್ಯಾರೇಜ್‌ಗಳಲ್ಲೂ ಇದೇ ಕೋಡ್‌ಗಳು ಬಂದಿದ್ದವು. ಅಲ್ಲಿ ಅವನ್ನು ಎರಡು ಕೆಟ್ಟ ಸೆನ್ಸರ್‌ಗಳ ಪಟ್ಟಿಯೆಂದು ಓದಿದರು. ಇಲ್ಲಿ ಓದಿದ ರೀತಿ ಬೇರೆ. ಇಂಧನ ಅಳೆಯುವ ಸೆನ್ಸರ್‌ಗೂ ಗಾಳಿ ಅಳೆಯುವ ಸೆನ್ಸರ್‌ಗೂ ಕೆಲಸದಲ್ಲಿ ಯಾವ ಸಂಬಂಧವೂ ಇಲ್ಲದಿರುವಾಗ, ಎರಡೂ ಒಂದೇ ಕ್ಷಣದಲ್ಲಿ ಒಂದೇ ರೀತಿ ಕೆಡುವುದು ಬಹಳ ಅಪರೂಪ. ಹಾಗಾದರೆ ಎರಡಕ್ಕೂ ಸಮಾನವಾಗಿರುವುದೇನು ಎಂಬುದೇ ಅವರ ಮೊದಲ ಪ್ರಶ್ನೆಯಾಯಿತು. ನಮ್ಮ ಗಾಡಿಯಲ್ಲಿ ಸಮಾನವಾಗಿದ್ದದ್ದು ಇಸಿಯು ಹೊರಗೆ ಕಳುಹಿಸುವ 5 ವೋಲ್ಟ್ ಸಪ್ಲೈ. ಬ್ಯಾಟರಿ 24 ವೋಲ್ಟ್ ಕೊಟ್ಟರೂ ಇಂಥ ಸೆನ್ಸರ್‌ಗಳಿಗೆ ಹೋಗುವುದು ಇಸಿಯು ಒಳಗೇ ಸ್ಥಿರಗೊಳಿಸಿದ 5 ವೋಲ್ಟ್ ಮಾತ್ರ, ಮತ್ತು ಒಂದೇ ಸಪ್ಲೈಯನ್ನು ಒಂದಕ್ಕಿಂತ ಹೆಚ್ಚು ಸೆನ್ಸರ್‌ಗಳು ಹಂಚಿಕೊಂಡಿರುತ್ತವೆ. ಒಂದು ಓಣಿಯ ನಲ್ಲಿ ಪೈಪ್ ಒಡೆದರೆ ಎಲ್ಲ ಮನೆಗಳ ನೀರೂ ನಿಲ್ಲುವಂತೆ, ಆ 5 ವೋಲ್ಟಿನ ವಯರ್ ಎಲ್ಲೋ ಒಂದು ಕಡೆ ಗಾಡಿಯ ಲೋಹಕ್ಕೆ ತಾಗಿದರೆ ಅದನ್ನು ನಂಬಿದ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಕೈಬಿಡುತ್ತವೆ. ನಮ್ಮ ಗಾಡಿಯ ಇಸಿಯು ಮಾತ್ರ ತನಗೆ ಬಾರದೆ ಹೋದ ಸಿಗ್ನಲ್‌ಗಳ ಹೆಸರನ್ನಷ್ಟೇ ಬರೆದಿಟ್ಟಿತ್ತು.

"ಹೊಸಾ ಸೆನ್ಸರ್ ತರಾಕ ಹೋಗಬ್ಯಾಡ್ರೀ. ಮೊದ್ಲ ಈ ಐದು ವೋಲ್ಟ್ ಎಲ್ಲಿ ಹೊಂಟೈತಿ ನೋಡೋಣು" ಎಂದರು.

ಸೆನ್ಸರ್‌ಗಳು ಸರಿಯಿವೆಯೆಂದು ಅವರು ತೋರಿಸಿಕೊಟ್ಟ ರೀತಿ ನನಗೆ ತುಂಬ ಹಿಡಿಸಿತು. ಎಂಜಿನ್ ನಿಲ್ಲಿಸಿ, ಕೀ ಮಾತ್ರ ಆನ್ ಮಾಡಿ, ರೈಲ್ ಸೆನ್ಸರ್‌ನ ಸಿಗ್ನಲ್ ವಯರ್‌ಗೆ ಕಪ್ಲರ್‌ನ (ವಯರ್ ಜೋಡಿಸುವ ಸಾಕೆಟ್‌ನ) ಹಿಂಬದಿಯಿಂದ ತೆಳ್ಳನೆಯ ಪಿನ್ ತೂರಿಸಿ ಮೀಟರ್ ಹಿಡಿದರು. ಅರ್ಧ ವೋಲ್ಟ್ ತೋರಿಸಿತು. ರೈಲಿನಲ್ಲಿ ಒತ್ತಡವಿಲ್ಲದಾಗ ಇಂಥ ಸೆನ್ಸರ್ ಸಾಮಾನ್ಯವಾಗಿ ತೋರಿಸಬೇಕಾದದ್ದು ಅಷ್ಟೇ. ಬೂಸ್ಟ್ ಸೆನ್ಸರ್‌ಗೆ ಬಂದಾಗ ಸ್ಕ್ಯಾನರ್ ಬಿಟ್ಟು ಬೇರೆ ಯಾವ ಉಪಕರಣವೂ ಬೇಕಾಗಲಿಲ್ಲ. ಟರ್ಬೊ ತಿರುಗದೆ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ಹೇಳಬೇಕು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿರುವುದರಿಂದ ಆ ಒತ್ತಡ ಇಲ್ಲಿ 93–94 ಕಿಲೋಪಾಸ್ಕಲ್‌ನ ಆಸುಪಾಸಿನಲ್ಲಿರುತ್ತದೆ, ಮತ್ತು ಸ್ಕ್ಯಾನರ್‌ನಲ್ಲಿ ಅದೇ ಅಂಕಿ ಕಾಣಿಸಿತು. ಈ ಪರೀಕ್ಷೆಗೆ ಒಂದು ರೂಪಾಯಿಯ ಬಿಡಿಭಾಗವೂ ಬೇಕಿಲ್ಲ. ಹೊಸ ಬೂಸ್ಟ್ ಸೆನ್ಸರ್ ಬರೆದುಕೊಡುವ ಮೊದಲು ಪ್ರತಿಯೊಂದು ಗ್ಯಾರೇಜ್‌ನಲ್ಲೂ ಇದನ್ನು ಮಾಡಬೇಕು.

ನಿಂತ ಗಾಡಿಯಲ್ಲಿ ದೋಷ ಬರುವುದಿಲ್ಲವೆಂಬುದೇ ದೊಡ್ಡ ತೊಡಕಾಗಿತ್ತು. ಅವರು ಚಕ್ರಗಳಿಗೆ ಮುಂದೆ ಹಿಂದೆ ದಪ್ಪ ಮರದ ಅಡ್ಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿಸಿ, ಗಾಡಿಯ ಎದುರಿನಿಂದ ಎಲ್ಲರನ್ನೂ ಸರಿಸಿ, ಚಾಲಕನಿಗೆ ಬ್ರೇಕ್ ಒತ್ತಿ ಹಿಡಿದು ಎರಡನೇ ಗೇರ್‌ನಲ್ಲಿ ಕ್ಲಚ್ಚನ್ನು ಸ್ವಲ್ಪವೇ ಬಿಡಲು ಹೇಳಿದರು. ಎಂಜಿನ್ ತನ್ನ ಮೌಂಟಿಂಗ್ ಮೇಲೆ ಒಂದು ಬದಿಗೆ ವಾಲಿತು. 5 ವೋಲ್ಟಿನ ವಯರ್‌ಗೆ ಹಿಡಿದಿದ್ದ ಮೀಟರ್ ಆಗಲೂ 5 ವೋಲ್ಟನ್ನೇ ತೋರಿಸುತ್ತಿತ್ತು. ಆದರೆ ಪಕ್ಕದಲ್ಲಿದ್ದ, ವೋಲ್ಟೇಜ್‌ನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪ್‌ನ ಪರದೆಯ ಮೇಲೆ, ನೇರವಾಗಿ ಸಾಗುತ್ತಿದ್ದ ಗೆರೆ ಒಂದು ಕಡೆ ತಳಕ್ಕೆ ಬಿದ್ದು ಮತ್ತೆ ಮೇಲಕ್ಕೆ ಬಂತು. ಸಾಮಾನ್ಯ ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುವುದರಿಂದ ಅಷ್ಟು ಚಿಕ್ಕ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ, ಇಸಿಯುವಿನ ಕಣ್ಣಿಗೆ ಬೀಳುತ್ತದೆ. ಈ ಕೆಲಸ ಮಾಡುವವರ ಬಳಿ ಸ್ಕೋಪ್ ಇದೆಯೇ ಎಂದು ಮೊದಲೇ ವಿಚಾರಿಸಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ರೈಲ್ ಸೆನ್ಸರ್‌ನ ಕಪ್ಲರ್ ಕಳಚಿ ಮತ್ತೆ ಅದೇ ಪರೀಕ್ಷೆ ಮಾಡಿದರು, ಕುಸಿತ ಬಂತು. ಬೂಸ್ಟ್ ಸೆನ್ಸರ್‌ನದೂ ಕಳಚಿದರು, ಆಗಲೂ ಬಂತು. ಆ ಸಪ್ಲೈ ಮೇಲೆ ಒಂದು ಸೆನ್ಸರ್ ಕೂಡ ಇಲ್ಲದಿದ್ದಾಗಲೂ ವೋಲ್ಟ್ ಬೀಳುತ್ತಿದೆ ಎಂದ ಮೇಲೆ ತಪ್ಪು ವಯರ್‌ನದು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಎಂಜಿನ್ ಆರಿಸಿ, ಕೀ ಆನ್ ಇಟ್ಟು, ಹಾರ್ನೆಸ್ಸನ್ನು (ವಯರ್‌ಗಳ ಕಟ್ಟನ್ನು) ಗೇಣು ಗೇಣಾಗಿ ಕೈಯಲ್ಲಿ ಹಿಡಿದು ಅಲುಗಾಡಿಸುತ್ತ ಸ್ಕೋಪ್ ನೋಡುತ್ತ ಹೋದಾಗ, ಎಂಜಿನ್‌ನ ಹಿಂಬದಿಯಲ್ಲಿ, ಕ್ಯಾಬಿನ್ ಎತ್ತದೆ ಕಾಣಿಸದ ಜಾಗದಲ್ಲಿ ಅದು ಸಿಕ್ಕಿತು. ಹಾರ್ನೆಸ್ ಹಿಡಿದಿಡುವ ಕ್ಲಿಪ್ ಮುರಿದು, ವಯರ್ ಕಟ್ಟು ಜೋತುಬಿದ್ದು ಒಂದು ಬ್ರ್ಯಾಕೆಟ್‌ನ ಅಂಚಿಗೆ ಒರಗಿತ್ತು. ಮೇಲಿನ ಪೈಪ್ ಸವೆದು, ಟೇಪ್ ಸವೆದು, ಒಂದೇ ಒಂದು ವಯರ್‌ನ ಮೇಲೆ ಎಳ್ಳುಕಾಳಿನಷ್ಟು ತಾಮ್ರ ಹಸಿರುಗಟ್ಟಿ ಕಾಣುತ್ತಿತ್ತು; ಎದುರಿನ ಬ್ರ್ಯಾಕೆಟ್‌ನ ಅಂಚು ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಲೋಡ್ ಹೊತ್ತು ಏರು ಎಳೆಯುವಾಗ ಎಂಜಿನ್ ವಾಲಿದಾಗ ಮಾತ್ರ ಇವೆರಡೂ ತಾಗುತ್ತಿದ್ದವು.

ದುರಸ್ತಿಯಲ್ಲೂ ಅವಸರ ಮಾಡಲಿಲ್ಲ. ಮೇಲೊಂದು ಸುತ್ತು ಟೇಪ್ ಹಾಕಿ ಕಳುಹಿಸಬಹುದಿತ್ತು. ಹಾಗೆ ಮಾಡದೆ, ಹಸಿರುಗಟ್ಟಿದ ತುಂಡನ್ನು ಕತ್ತರಿಸಿ, ಅದೇ ದಪ್ಪದ ಹೊಸ ವಯರ್ ಸೇರಿಸಿ, ಜಾಯಿಂಟ್‌ಗಳ ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಕಾಯಿಸಿ ಕೂರಿಸಿ, ಹೊಸ ಫ್ಲೆಕ್ಸಿಬಲ್ ಪೈಪ್ ಹಾಕಿ, ರಬ್ಬರ್ ಇರುವ ಕ್ಲಾಂಪ್‌ನಿಂದ ಬ್ರ್ಯಾಕೆಟ್‌ನಿಂದ ದೂರಕ್ಕೆ ಕಟ್ಟಿದರು. ಎಂಜಿನ್ ವಾಲಿದಾಗ ಎಳೆಯದಂತೆ ಸ್ವಲ್ಪ ಸಡಿಲವನ್ನೂ ಬಿಟ್ಟರು. ಬಳಿಕ ಅದೇ ಎರಡನೇ ಗೇರ್ ಪರೀಕ್ಷೆಯನ್ನು ಮತ್ತೆ ಮಾಡಿ, ಗೆರೆ ಅಲುಗದಿರುವುದನ್ನು ನನಗೂ ಚಾಲಕನಿಗೂ ತೋರಿಸಿದರು. ಒಂದು ಬದಿಯ ಎಂಜಿನ್ ಮೌಂಟಿಂಗ್ ರಬ್ಬರ್ ಕುಸಿದಿದ್ದು, ಎಂಜಿನ್ ಅಗತ್ಯಕ್ಕಿಂತ ಹೆಚ್ಚು ವಾಲುತ್ತಿರುವುದರಿಂದ ಅದನ್ನು ಮೆಕ್ಯಾನಿಕ್ ಬಳಿ ಬದಲಿಸಿಕೊಳ್ಳಲೇಬೇಕೆಂದು ಹೇಳಿದರು. ಬದಲಿಸಿದ್ದೇವೆ. ಅರಬೈಲ್ ಘಾಟಿಯನ್ನು ಆಮೇಲೆ ಪೂರ್ಣ ಲೋಡ್‌ನಲ್ಲಿ ಹಲವು ಬಾರಿ ಹತ್ತಿದ್ದರೂ ದೀಪ ಹೊತ್ತಿಲ್ಲ.

ಪರೀಕ್ಷೆಗೆ 1,500 ರೂಪಾಯಿ, ದುರಸ್ತಿಗೆ ಬೇರೆ ಕೂಲಿ. ಎರಡೂ ಸೇರಿಸಿದರೂ ನಾವು ಅದಕ್ಕೂ ಮೊದಲು ಕೊಂಡಿದ್ದ ರೈಲ್ ಸೆನ್ಸರ್‌ನ ಬೆಲೆಗಿಂತ ಕಡಿಮೆ. ದೋಷ ಸಿಗದಿದ್ದರೂ ಪರೀಕ್ಷೆಯ ಹಣ ಕೊಡಬೇಕೆಂದು ಮೊದಲೇ ಹೇಳುತ್ತಾರೆ. ಕೆಲವರಿಗೆ ಇದು ಸರಿಬರುವುದಿಲ್ಲ, ನನಗೆ ನ್ಯಾಯವೆನಿಸುತ್ತದೆ.

ಕೊರತೆಗಳೂ ಇವೆ. ಸ್ಕೋಪ್ ಹಿಡಿಯುವವರು ಹಿರಿಯರೊಬ್ಬರೇ ಆದ್ದರಿಂದ ಸರದಿ ಕಾಯಬೇಕು, ಅವರು ಊರಿನಲ್ಲಿಲ್ಲದ ದಿನ ಹುಡುಗರು ಕೋಡ್ ಓದುವುದಕ್ಕಿಂತ ಮುಂದೆ ಹೋಗುವುದಿಲ್ಲ. ಅಂಗಳಕ್ಕೆ ಚಾವಣಿ ಇಲ್ಲದ ಕಾರಣ ಮಳೆಗಾಲದಲ್ಲಿ ಕಪ್ಲರ್ ಬಿಚ್ಚುವ ಕೆಲಸ ಮುಂದಕ್ಕೆ ಹೋಗುತ್ತದೆ. ಯಾವ ವಯರ್‌ನಲ್ಲಿ ಎಷ್ಟು ವೋಲ್ಟ್ ಸಿಕ್ಕಿತು, ಎಲ್ಲಿ ಜಾಯಿಂಟ್ ಹಾಕಿದರು ಎಂಬುದನ್ನು ಬಿಲ್ ಮೇಲೆ ಬರೆದುಕೊಡುವುದಿಲ್ಲ. ಇಷ್ಟು ಚೊಕ್ಕ ಕೆಲಸ ಮಾಡುವವರು ಅದನ್ನೂ ಮಾಡಿದರೆ ಮುಂದೆ ಆ ಗಾಡಿ ಮುಟ್ಟುವವರಿಗೆ ದೊಡ್ಡ ಉಪಕಾರವಾಗುತ್ತದೆ. ಬಿಎಸ್-6 ಗಾಡಿಗಳ ಕೆಲವು ಕೆಲಸಗಳಿಗೆ ಬೇಕಾದ ಸಾಫ್ಟ್‌ವೇರ್ ತಮ್ಮಲ್ಲಿಲ್ಲವೆಂದು ಅವರೇ ಹೇಳಿ ಕಂಪನಿಯ ಸರ್ವಿಸ್ ಸೆಂಟರ್‌ಗೆ ಕಳುಹಿಸುತ್ತಾರೆ.

ಹೋಗುವವರು ಗಾಡಿಯನ್ನು ಓಡಿಸುವ ಚಾಲಕನನ್ನೇ ಕಳುಹಿಸಬೇಕು, ಮತ್ತು ಅಲ್ಲಿಗೆ ಹೋಗುವ ಮುನ್ನ ಬೇರೆ ಕಡೆ ಕೋಡ್‌ಗಳನ್ನು ಅಳಿಸಿಸಬಾರದು. ಬೆಳಿಗ್ಗೆ ಬೇಗ ಹೋದರೆ ಹಿರಿಯರು ಸಿಗುತ್ತಾರೆ, ಭಾನುವಾರ ರಜೆ.