ಅಪ್ಪನ ಫೋನಿನಿಂದ 31 ಆ್ಯಪ್ ತೆಗೆದೆ: ಕಾಂಟಾ ಮತ್ತು ಶಿಜುಕು ಅನ್ನೋ ಎರಡು ಆ್ಯಪ್ ಬಳಸಿದ ಅನುಭವ

ನಾನು ಸಿಂಧನೂರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹೆಸರಿಗೆ ಝೆರಾಕ್ಸ್, ನಡೆಯೋದೆಲ್ಲ ಆನ್‌ಲೈನ್ ಅರ್ಜಿ ಕೆಲಸ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಮಕ್ಕಳ ಸ್ಕಾಲರ್‌ಶಿಪ್. ಬಹಳಷ್ಟು ಅರ್ಜಿಗೆ ಒಟಿಪಿ ಬೇಕೇ ಬೇಕು. ಹಾಗಾಗಿ ದಿನಕ್ಕೆ ಇಪ್ಪತ್ತು ಮೂವತ್ತು ಜನರ ಫೋನ್ ನನ್ನ ಕೈಗೆ ಬರುತ್ತದೆ. "ನೋಡವ್ವಾ, ನಂಬರ್ ಬಂದೈತೇನು" ಅಂತ ಫೋನನ್ನೇ ಕೊಟ್ಟುಬಿಡುತ್ತಾರೆ.

ಆ ಫೋನ್‌ಗಳನ್ನು ತೆರೆದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ಲಾಕ್ ಇರುವ ಪರದೆಯ ಮೇಲೆ ಯಾವುದೋ ಜಾಹೀರಾತಿನ ಚಿತ್ರ. ಬೆರಳು ಸ್ವಲ್ಪ ಆಚೀಚೆ ಸರಿದರೂ ಫೋನ್ ತೆರೆಯೋ ಬದಲು ಆ ಜಾಹೀರಾತೇ ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚಿ ಒಳಗೆ ಹೋದರೆ ಮೇಲೆ ನೋಟಿಫಿಕೇಶನ್ ಸಾಲು. ಸಾಲ ಬೇಕಾ, ರಮ್ಮಿ ಆಡ್ತೀರಾ, ಫೋನ್ ಸ್ವಚ್ಛ ಮಾಡಬೇಕಾ ಅಂತ. ಇವೆಲ್ಲದರ ಕೆಳಗೆ ಎಲ್ಲೋ ಒಟಿಪಿ ಇರುತ್ತದೆ. ಹುಡುಕಿ ಹೊಡೆಯುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತದೆ. ಒಮ್ಮೆ ತುರ್ವಿಹಾಳದಿಂದ ಬಸ್ಸಿಗೆ ಬಂದ ಅಜ್ಜ ಒಬ್ಬರಿಗೆ ಮೂರು ಸಲ ಹೀಗೇ ಆಯಿತು. ಆಮೇಲೆ ವೆಬ್‌ಸೈಟೇ ನಾಳೆ ಬನ್ನಿ ಅಂದುಬಿಟ್ಟಿತು. ಅಜ್ಜ ಮತ್ತೆ ಮರುದಿನ ಬಂದರು.

ನಮ್ಮಪ್ಪನ ಫೋನಿನದೂ ಇದೇ ಕತೆ. ಮೂರು ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್ ಇರುವ ಅಗ್ಗದ ಫೋನ್. ಕಂಪನಿ ಹೆಸರು ಬೇಡ, ಈ ದರದ ಫೋನ್ ಮಾಡೋ ಬಹಳ ಕಂಪನಿಗಳದ್ದು ಇದೇ ದಾರಿ. ಅಪ್ಪ ಬಳಸೋದು ವಾಟ್ಸಾಪ್, ಯೂಟ್ಯೂಬ್, ಹಣ ಕಳಿಸೋ ಆ್ಯಪ್, ಮತ್ತೆ ಹಂಗಾಮಿಗೊಮ್ಮೆ ಬೆಳೆ ಸಮೀಕ್ಷೆ ಆ್ಯಪ್. ಅಷ್ಟೇ. ಆದರೆ ಫೋನಿನಲ್ಲಿ ಇದ್ದದ್ದು ಎಣಿಸಲಾರದಷ್ಟು. ಕಂಪನಿಯದೇ ಇನ್ನೊಂದು ಆ್ಯಪ್ ಅಂಗಡಿ, ಇನ್ನೊಂದು ಬ್ರೌಸರ್, ಎರಡು ಸುದ್ದಿ ಆ್ಯಪ್, ನಾಲ್ಕು ಗೇಮ್, ಶಾರ್ಟ್ ವಿಡಿಯೊ ಆ್ಯಪ್, ಸಾಲ ಕೊಡೋ ಆ್ಯಪ್.

ಈ ಸಲ ಭತ್ತ ನಾಟಿ ಆದ ಮೇಲೆ ಅಪ್ಪ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಗೆ ಫೋಟೋ ಹೊಡೆಯಲು ಹೋದರು. ಅದು ಹೊಲದಲ್ಲೇ ನಿಂತು ಹೊಡೆಯಬೇಕಾದ ಫೋಟೋ, ಮನೆಯಲ್ಲಿ ಕೂತು ಆಗೋದಿಲ್ಲ. ಫೋನ್ 'ಜಾಗ ಇಲ್ಲ' ಅಂತು. ಅವರು ಬದುವಿನ ಮೇಲಿಂದಲೇ ನನಗೆ ಫೋನ್ ಮಾಡಿದರು. "ಯವ್ವಾ, ಈ ಫೋನ್‌ನ್ಯಾಗ ನಂದು ಅಂಬೋದು ಏನೈತಿ?" ಅಂದರು. ಆ ಮಾತು ನನ್ನ ಮನಸ್ಸಿಗೆ ಬಹಳ ನಾಟಿತು.

ಮೊದಲು ಒಂದು ರಿಪೇರಿ ಅಂಗಡಿಗೆ ಕೊಟ್ಟೆವು. ಮುನ್ನೂರು ರೂಪಾಯಿ ತಗೊಂಡು, ನಮ್ಮನ್ನು ಒಂದು ಮಾತೂ ಕೇಳದೆ ಪೂರ್ತಿ ರೀಸೆಟ್ ಹೊಡೆದು ಕೊಟ್ಟರು. ಅಕ್ಕನ ಮಗಳ ಜವಳದ ಫೋಟೋಗಳೆಲ್ಲ ಹೋದವು. ಬೇರೆ ಯಾರ ಫೋನಿನಲ್ಲೂ ಅವು ಇರಲಿಲ್ಲ. ಬೇಡದ ಆ್ಯಪ್‌ಗಳು ಮಾತ್ರ ಒಂದೂ ಬಿಡದೆ ಹಾಗೇ ಇದ್ದವು. ಇದಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಕಂಪನಿ ಹಾಕಿ ಕಳಿಸಿದ ಆ್ಯಪ್‌ಗಳಲ್ಲಿ ಹೆಚ್ಚಿನವು ಫೋನಿನ ಸಿಸ್ಟಮ್ ಭಾಗದಲ್ಲಿ ಕೂತಿರುತ್ತವೆ. ರೀಸೆಟ್ ಮಾಡಿದರೆ ಅಳಿಯೋದು ನಮ್ಮ ಭಾಗ, ಅವರ ಭಾಗ ಅಲ್ಲ. ಎರಡೇ ವಾರದಲ್ಲಿ ಆ ಆ್ಯಪ್‌ಗಳೆಲ್ಲ ತಾವೇ ಅಪ್‌ಡೇಟ್ ಆಗಿ, ಕಂಪನಿಯ ಆ್ಯಪ್ ಅಂಗಡಿ ಇನ್ನೂ ಎರಡು ಗೇಮ್ ಇಳಿಸಿಕೊಂಡು, ಜಾಗ ಮತ್ತೆ ತುಂಬಿತು.

ಆಗ ನಾನೇ ಕೂತೆ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ ಒಂದೊಂದೇ ನೋಡಿದೆ. ಗೇಮ್‌ಗಳು, ಒಂದು ಸುದ್ದಿ ಆ್ಯಪ್ ಸಲೀಸಾಗಿ ಅನ್‌ಇನ್‌ಸ್ಟಾಲ್ ಆದವು. ಕೆಲವಕ್ಕೆ 'ಡಿಸೇಬಲ್' ಇತ್ತು, ಒತ್ತಿದೆ. ನಿಮಗೂ ಹೇಳ್ತೀನಿ, ಮೊದಲು ಇಷ್ಟು ಮಾಡಿ, ಅರ್ಧ ಕಾಟ ಇದರಲ್ಲೇ ಹೋಗುತ್ತದೆ. ಆದರೆ ಲಾಕ್ ಪರದೆಯ ಜಾಹೀರಾತಿನ ಆ್ಯಪ್, ಕಂಪನಿಯ ಆ್ಯಪ್ ಅಂಗಡಿ, ಆ ಬ್ರೌಸರ್, ಈ ಮೂರರಲ್ಲೂ ಬಟನ್ ಬೂದು ಬಣ್ಣಕ್ಕೆ ತಿರುಗಿ ಸುಮ್ನೆ ಕೂತಿತ್ತು. ಒತ್ತಿದರೂ ಏನೂ ಆಗಲ್ಲ.

ಇಂಥವನ್ನು ತೆಗೆಯಲು ಬಹಳ ಹಿಂದಿನಿಂದ ಇರುವ ದಾರಿ ಎಡಿಬಿ. ಫೋನನ್ನು ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ ಕಮಾಂಡ್ ಟೈಪ್ ಮಾಡೋದು. ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನೆಲ್ಲ ಹಾಕಲು ನನಗೆ ಮನಸ್ಸಾಗಲಿಲ್ಲ. ಹುಡುಕಿದಾಗ ಸಿಕ್ಕದ್ದು ಈ ಜೋಡಿ: ಶಿಜುಕು ಮತ್ತು ಕಾಂಟಾ. ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದಿದ್ದರೆ ಕಂಪ್ಯೂಟರೂ ಬೇಡ, ರೂಟ್ ಮಾಡೋದೂ (ಫೋನಿನ ಸಿಸ್ಟಮ್ ಮೇಲೆ ಪೂರ್ತಿ ಅಧಿಕಾರ ಪಡೆಯೋದು) ಬೇಡ. ಶಿಜುಕು ಅನ್ನೋದು ಎಡಿಬಿಗೆ ಇರುವ ಅಧಿಕಾರವನ್ನು ಫೋನಿನೊಳಗೇ ತಂದುಕೊಡುತ್ತದೆ. ಆ ಅಧಿಕಾರ ಬಳಸಿ ಆ್ಯಪ್ ತೆಗೆಯೋದು ಕಾಂಟಾ. ಎರಡಕ್ಕೂ ದುಡ್ಡಿಲ್ಲ, ಜಾಹೀರಾತಿಲ್ಲ. ಶಿಜುಕು ಪ್ಲೇ ಸ್ಟೋರ್‌ನಲ್ಲೇ ಇದೆ. ಕಾಂಟಾವನ್ನು ನಾನು ಉಚಿತ ಆ್ಯಪ್‌ಗಳ ಇನ್ನೊಂದು ಅಂಗಡಿಯಾದ ಎಫ್-ಡ್ರಾಯ್ಡ್‌ನಿಂದ ಇಳಿಸಿದೆ.

ಇದರಲ್ಲಿ ಕಷ್ಟ ಅನ್ನೋದು ಶಿಜುಕು ಶುರು ಮಾಡೋದೊಂದೇ, ಅದಕ್ಕೇ ಬಿಡಿಸಿ ಹೇಳ್ತೀನಿ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಒಳಗೆ 'ಬಿಲ್ಡ್ ನಂಬರ್' ಅಂತ ಇರುತ್ತದೆ. ಅದರ ಮೇಲೆ ಏಳು ಸಲ ತಟ್ಟಬೇಕು. ಆಗ 'ಡೆವಲಪರ್ ಆಪ್ಷನ್ಸ್' ತೆರೆಯುತ್ತದೆ. ಅದರೊಳಗೆ 'ವೈರ್‌ಲೆಸ್ ಡೀಬಗ್ಗಿಂಗ್' ಆನ್ ಮಾಡಬೇಕು. ಇದಕ್ಕೆ ಫೋನ್ ವೈಫೈಗೆ ಸೇರಿರಬೇಕು. ನಮ್ಮ ಮನೆಯಲ್ಲಿ ವೈಫೈ ಎಲ್ಲಿಂದ ಬರಬೇಕು? ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ ಅಪ್ಪನ ಫೋನನ್ನು ಅದಕ್ಕೆ ಸೇರಿಸಿದೆ, ಸಾಕಾಯಿತು. ಆಮೇಲೆ ಶಿಜುಕುದಲ್ಲಿ 'ಪೇರಿಂಗ್' ಒತ್ತಿ, ವೈರ್‌ಲೆಸ್ ಡೀಬಗ್ಗಿಂಗ್ ಒಳಗೆ ಪೇರಿಂಗ್ ಕೋಡ್ ಕೇಳಿದರೆ ಆರು ಅಂಕಿಯ ನಂಬರ್ ಬರುತ್ತದೆ. ಆ ಪರದೆಯನ್ನು ಮುಚ್ಚದೆ, ಮೇಲಿಂದ ನೋಟಿಫಿಕೇಶನ್ ಎಳೆದು ಅಲ್ಲೇ ಅಂಕಿ ಹೊಡೆಯಬೇಕು. ನನಗೆ ಇಲ್ಲಿ ಅರ್ಧ ಗಂಟೆ ಹೋಯಿತು. ನೋಟಿಫಿಕೇಶನ್‌ನಲ್ಲಿ ಅಂಕಿ ಬರೆಯೋ ಜಾಗವೇ ಕಾಣ್ತಿರಲಿಲ್ಲ. ಕೆಲವು ಕಂಪನಿ ಫೋನ್‌ಗಳಲ್ಲಿ ನೋಟಿಫಿಕೇಶನ್ ಶೈಲಿಯನ್ನು 'ಆಂಡ್ರಾಯ್ಡ್' ಅಂತ ಬದಲಿಸಿಕೊಳ್ಳಬೇಕು. ಬದಲಿಸಿದ ಕೂಡಲೇ ಬಂತು.

ಅಲ್ಲಿಂದ ಮುಂದೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಕಾಂಟಾ ತೆರೆದರೆ ಫೋನಿನ ಎಲ್ಲ ಆ್ಯಪ್‌ಗಳ ಪಟ್ಟಿ ಬರುತ್ತದೆ, ಬಚ್ಚಿಟ್ಟುಕೊಂಡವೂ ಸೇರಿ. ಬಹಳಷ್ಟರ ಪಕ್ಕ ಒಂದು ಗುರುತು ಇರುತ್ತದೆ. 'ರೆಕಮೆಂಡೆಡ್' ಅಂದರೆ ತೆಗೆದರೆ ತೊಂದರೆ ಇಲ್ಲ. 'ಅಡ್ವಾನ್ಸ್ಡ್', 'ಎಕ್ಸ್‌ಪರ್ಟ್' ಅಂದರೆ ಯೋಚಿಸಿ. 'ಅನ್‌ಸೇಫ್' ಅಂದರೆ ಮುಟ್ಟಲೇಬೇಡಿ. ಯೂನಿವರ್ಸಲ್ ಆಂಡ್ರಾಯ್ಡ್ ಡೀಬ್ಲೋಟರ್ ಅನ್ನೋ ಯೋಜನೆಯವರು ಒಂದೊಂದು ಆ್ಯಪ್ ಏನು ಮಾಡುತ್ತದೆ ಅಂತ ಬರೆದಿಟ್ಟ ಪಟ್ಟಿ ಇದು. ದುಡ್ಡಿಗಾಗಿ ಅಲ್ಲ, ಜನರಿಗೆ ಉಪಯೋಗ ಆಗಲಿ ಅಂತ ಮಾಡಿದ ಕೆಲಸ. ನನಗೆ ಅವರ ಮೇಲೆ ಗೌರವ ಬಂತು.

ನಾನು ಒಂದೇ ದಿನ ಎಲ್ಲ ತೆಗೆಯಲಿಲ್ಲ. ಮೊದಲ ದಿನ ಐದು ತೆಗೆದು, ಫೋನ್ ಆಫ್ ಮಾಡಿ ಆನ್ ಮಾಡಿ, ಅಪ್ಪನಿಗೆ ಕೊಟ್ಟೆ. ಎರಡು ದಿನ ಬಿಟ್ಟು ಇನ್ನೊಂದಿಷ್ಟು. ನೀವೂ ಹೀಗೇ ಮಾಡಿ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುತ್ತದೆ, ಅಲ್ವಾ? ನನಗೆ ಒಂದು ಕಡೆ ಹಾಗೆ ಆಯಿತು. ಕಂಪನಿಯ ಗ್ಯಾಲರಿ ತೆಗೆದೆ. ಮರುದಿನ ಅಪ್ಪ ಕ್ಯಾಮೆರಾದಲ್ಲಿ ಫೋಟೋ ಹೊಡೆದು, ಮೂಲೆಯ ಸಣ್ಣ ಚಿತ್ರ ಒತ್ತಿದರೆ ತೆರೆಯಲೇ ಇಲ್ಲ. ಕಾಂಟಾದಲ್ಲಿ ತೆಗೆದ ಆ್ಯಪ್‌ಗಳ ಪಟ್ಟಿ ಬೇರೆ ಇರುತ್ತದೆ. ಅಲ್ಲಿ ಹೋಗಿ ಗ್ಯಾಲರಿಯನ್ನು ವಾಪಸ್ ಹಾಕಿದೆ. ನೆಟ್ ಕೂಡ ಬೇಕಾಗಲಿಲ್ಲ, ಒಂದು ಕ್ಷಣದಲ್ಲಿ ಬಂತು. ಯಾಕಂದರೆ ಕಾಂಟಾ ಅದನ್ನು ಬುಡ ಸಮೇತ ಕಿತ್ತಿರೋದಿಲ್ಲ. ಈ ಬಳಕೆದಾರರಿಗೆ ಬೇಡ ಅಂತ ತೆಗೆದಿರುತ್ತದೆ, ಮೂಲ ಪ್ರತಿ ಸಿಸ್ಟಮ್ ಭಾಗದಲ್ಲಿ ಹಾಗೇ ಇರುತ್ತದೆ.

ಇದರಿಂದ ಒಳ್ಳೇದೂ ಇದೆ, ಕೊರತೆಯೂ ಇದೆ. ಆ ಮೂಲ ಪ್ರತಿ ಹಿಡಿದ ಜಾಗ ನಮಗೆ ಸಿಗೋದಿಲ್ಲ. ಸಿಗೋದು ಆ ಆ್ಯಪ್‌ನ ಅಪ್‌ಡೇಟ್‌ಗಳು ಮತ್ತು ಅದು ಕೂಡಿಹಾಕಿದ ಡೇಟಾ ಹಿಡಿದ ಜಾಗ. 31 ಆ್ಯಪ್ ತೆಗೆದ ಮೇಲೆ ಅಪ್ಪನ ಫೋನಿನಲ್ಲಿ ಸುಮಾರು ಎರಡೂವರೆ ಜಿಬಿ ಖಾಲಿ ಆಯಿತು. ಹತ್ತು ಜಿಬಿ ಸಿಗುತ್ತದೆ ಅಂದುಕೊಂಡು ಹೋಗಬೇಡಿ. ಜಾಗಕ್ಕಿಂತ ದೊಡ್ಡ ಲಾಭ ಬೇರೆ. ಆ ಆ್ಯಪ್‌ಗಳು ಹಿಂದೆ ಓಡೋದು ನಿಂತಿತು, ನೋಟಿಫಿಕೇಶನ್ ನಿಂತಿತು, ಲಾಕ್ ಪರದೆಯಲ್ಲಿ ಈಗ ಬರೀ ಟೈಮ್ ಮತ್ತು ತಾರೀಖು. ಬ್ಯಾಟರಿ ಮೊದಲು ಮಧ್ಯಾಹ್ನದ ಊಟಕ್ಕೇ ಇಳಿದುಹೋಗ್ತಿತ್ತು. ಈಗ ಹೊಲದಿಂದ ಸಂಜೆ ಬಂದಾಗಲೂ ಸ್ವಲ್ಪ ಉಳಿದಿರುತ್ತದೆ.

ಇನ್ನೂ ಕೆಲವು ಮಾತು. ಫೋನ್ ಆಫ್ ಆಗಿ ಆನ್ ಆದರೆ ಶಿಜುಕು ನಿಂತುಹೋಗುತ್ತದೆ. ಮತ್ತೆ ಏನಾದರೂ ತೆಗೆಯಬೇಕಾದರೆ ಮತ್ತೆ ಶುರು ಮಾಡಬೇಕು. ತೆಗೆದ ಆ್ಯಪ್‌ಗಳಿಗೆ ಅದರಿಂದ ಏನೂ ಆಗೋದಿಲ್ಲ. ದೊಡ್ಡ ಸಿಸ್ಟಮ್ ಅಪ್‌ಡೇಟ್ ಬಂದರೆ ಒಂದೆರಡು ವಾಪಸ್ ಬರಬಹುದು. ರೀಸೆಟ್ ಮಾಡಿದರೆ ಎಲ್ಲವೂ ಬರುತ್ತವೆ. ಕೆಲಸ ಮುಗಿದ ಮೇಲೆ ಡೆವಲಪರ್ ಆಪ್ಷನ್ಸ್ ಆಫ್ ಮಾಡೋದು ಮರೆಯಬೇಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯೋದೇ ಇಲ್ಲ. ಗೂಗಲ್ ಪ್ಲೇ ಸರ್ವಿಸಸ್, ವೆಬ್‌ವ್ಯೂ (ಬೇರೆ ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸೋ ಭಾಗ), ಕೀಬೋರ್ಡ್, ಹೋಮ್ ಪರದೆಯ ಲಾಂಚರ್, ಸಿಮ್‌ಗೆ ಸಂಬಂಧಪಟ್ಟವು, ಇವುಗಳ ತಂಟೆಗೆ ಹೋಗಬೇಡಿ. ಶುರು ಮಾಡೋ ಮುಂಚೆ ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಜವಳದ ಫೋಟೋ ಕಳಕೊಂಡವಳಾಗಿ ಈ ಮಾತು ಹೇಳ್ತಿದ್ದೀನಿ.

ಒಂದು ಕೊರತೆ ನನಗೆ ಬಹಳ ಕಂಡದ್ದು ಭಾಷೆ. ನನ್ನ ಕೈಯಲ್ಲಿ ಎರಡೂ ಆ್ಯಪ್ ಇಂಗ್ಲಿಷ್‌ನಲ್ಲೇ ಇದ್ದವು, ಪ್ರತಿ ಆ್ಯಪ್‌ನ ವಿವರಣೆಯೂ ಇಂಗ್ಲಿಷ್. ಅಪ್ಪನಂಥವರು ತಾವೇ ಮಾಡಿಕೊಳ್ಳೋ ಹಾಗಿಲ್ಲ. ಅದಕ್ಕೇ ಐದಕ್ಕೆ ನಾಲ್ಕು ಕೊಡ್ತೀನಿ.

ನಿಜ ಹೇಳಬೇಕಂದರೆ ನಾವು ದುಡ್ಡು ಕೊಟ್ಟು ತಂದ ಫೋನಿನಲ್ಲಿ ಇಷ್ಟು ಒದ್ದಾಡೋದೇ ತಪ್ಪು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ಹಾಕಿತ್ತು. ತನ್ನ ಆ್ಯಪ್‌ಗಳನ್ನೆಲ್ಲ ಒಟ್ಟಿಗೇ ಹಾಕಬೇಕು, ತೆಗೆಯಲು ದಾರಿ ಇರಬಾರದು ಅಂತ ಫೋನ್ ಕಂಪನಿಗಳ ಮೇಲೆ ಷರತ್ತು ಹೇರೋದು ಸರಿಯಲ್ಲ ಅಂತ ಆ ಆದೇಶದಲ್ಲಿತ್ತು. ಫೋನ್ ಕಂಪನಿಗಳು ತುಂಬೋ ಗೇಮ್, ಸಾಲದ ಆ್ಯಪ್‌ಗಳಿಗೂ ಇದೇ ಮಾತು ಅನ್ವಯ ಆಗಬೇಕು ಅಂತ ನನ್ನ ಆಸೆ.

ಹೋದ ವಾರ ಅಪ್ಪ ಮತ್ತೆ ಹೊಲಕ್ಕೆ ಹೋಗಿ ಸಮೀಕ್ಷೆ ಫೋಟೋ ಹೊಡೆದರು, ಒಂದೇ ಸಲಕ್ಕೆ ಅಪ್‌ಲೋಡ್ ಆಯಿತು. ಪಕ್ಕದ ಹೊಲದ ಕಾಕಾ ನೋಡಿ ತಮ್ಮ ಫೋನನ್ನೂ ಕೊಟ್ಟು ಕಳಿಸಿದ್ದಾರೆ. ಅದು ಆಂಡ್ರಾಯ್ಡ್ 10, ವೈರ್‌ಲೆಸ್ ದಾರಿ ನಡೆಯೋದಿಲ್ಲ. ಭಾನುವಾರ ಗೆಳತಿಯ ಲ್ಯಾಪ್‌ಟಾಪ್ ಸಿಗುತ್ತದೆ. ಕೇಬಲ್ ಹಾಕಿ ಶಿಜುಕು ಶುರು ಮಾಡಬೇಕು.